ಹಳ್ಳಿಯನ್ನು ಅರಿಯಲು ಬೇಕಾದ ಒಂದು ವರ್ಷ

ಮಾನವಶಾಸ್ತ್ರದ ವಿದ್ಯಾರ್ಥಿಗೆ ಪ್ರಯೋಗಶಾಲೆ ಯಾವುದು? ಜನ ಬಾಳಿ ಬದುಕುವ ಊರೇ ಆತನ ಪ್ರಯೋಗಶಾಲೆ. ಬಿತ್ತನೆಯಿಂದ ಸುಗ್ಗಿಯವರೆಗೆ, ಮದುವೆಯಿಂದ ತಿಥಿಯವರೆಗೆ ಎಲ್ಲವನ್ನೂ ಕಣ್ಣಾರೆ ಕಾಣಬೇಕಾದರೆ ಅಲ್ಲಿ ಒಂದು ವರ್ಷವಾದರೂ ನೆಲೆಸಬೇಕು. ಆ ವರ್ಷದ ಊಟ, ವಸತಿ, ಪ್ರಯಾಣದ ಖರ್ಚನ್ನು ಕೊಡುವವರು ಯಾರು? ವಿದ್ಯಾರ್ಥಿವೇತನದ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ನಮ್ಮ ನಾಡಿನ ವಿದ್ವಾಂಸರೊಬ್ಬರ ಜೀವನ ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡುತ್ತದೆ.

ಎಂ.ಎನ್. ಶ್ರೀನಿವಾಸ್ 1916ರಲ್ಲಿ ಮೈಸೂರಿನಲ್ಲಿ ಜನಿಸಿದರು. ಮಹಾರಾಜ ಕಾಲೇಜಿನಲ್ಲಿ ಓದಿ, ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಜಿ.ಎಸ್. ಘುರ್ಯೆ ಅವರ ಶಿಷ್ಯರಾದರು. ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬವನ್ನು ಕುರಿತ ಅವರ ಎಂ.ಎ. ಪ್ರಬಂಧ 1942ರಲ್ಲಿ ಪುಸ್ತಕವಾಗಿ ಹೊರಬಂದಿತು. ಮುಂಬಯಿಯಲ್ಲಿಯೇ ಮೊದಲು ಸಂಶೋಧನಾ ಫೆಲೋ, ಅನಂತರ ಸಂಶೋಧನಾ ಸಹಾಯಕರಾಗಿದ್ದುಕೊಂಡು ಅವರು ಕೊಡವರ ಜೀವನವನ್ನು ಅಭ್ಯಾಸ ಮಾಡಿದರು. 1945ರಲ್ಲಿ ಆಕ್ಸ್‌ಫರ್ಡಿಗೆ ತೆರಳಿ, ರ್‍ಯಾಡ್‌ಕ್ಲಿಫ್-ಬ್ರೌನ್ ಅವರ ಮಾರ್ಗದರ್ಶನದಲ್ಲಿ ಅದೇ ಸಾಮಗ್ರಿಯನ್ನು ಹೊಸ ದೃಷ್ಟಿಯಿಂದ ಪರಿಶೀಲಿಸಿದರು. ಅದರ ಫಲವಾಗಿ 1952ರಲ್ಲಿ ಪ್ರಕಟವಾದ ಗ್ರಂಥ 'ಸಂಸ್ಕೃತೀಕರಣ' ಎಂಬ ಪರಿಕಲ್ಪನೆಯನ್ನು ವಿದ್ವತ್ ಲೋಕಕ್ಕೆ ಪರಿಚಯಿಸಿತು.

ಇಷ್ಟರಲ್ಲಿ ಒಂದು ಮಹತ್ವದ ಅವಕಾಶ ಒದಗಿತು. 1948ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ಅವರನ್ನು ಅಧ್ಯಾಪಕರನ್ನಾಗಿ ನೇಮಿಸಿಕೊಂಡಿತು. ಅಲ್ಲಿನ ಪ್ರಾಧ್ಯಾಪಕ ಇವಾನ್ಸ್-ಪ್ರಿಚರ್ಡ್ ಅವರು ಮೊದಲ ವರ್ಷವನ್ನು ಪಾಠ ಹೇಳುವುದರ ಬದಲು ಭಾರತದ ಹಳ್ಳಿಯೊಂದರಲ್ಲಿ ಕಳೆಯಲು ಅನುಮತಿ ನೀಡಿದರು. ಇದು ಹೆಸರಿಗೆ ವಿದ್ಯಾರ್ಥಿವೇತನವಲ್ಲ. ಆದರೆ ವಿದ್ಯಾರ್ಥಿವೇತನ ಮಾಡಬೇಕಾದ ಕೆಲಸವನ್ನೇ ಮಾಡಿತು. ಅಂದರೆ, ಸಂಶೋಧಕನಿಗೆ ಕಾಲಾವಕಾಶವನ್ನು ಒದಗಿಸಿತು.

ಶ್ರೀನಿವಾಸ್ ಮೈಸೂರಿಗೆ ಸಮೀಪದ ಹಳ್ಳಿಯೊಂದನ್ನು ಆರಿಸಿಕೊಂಡರು. ಊರಿನವರ ಗುಟ್ಟು ಬಯಲಾಗಬಾರದೆಂದು ಅದಕ್ಕೆ 'ರಾಮಪುರ' ಎಂದು ಬೇರೆ ಹೆಸರಿಟ್ಟರು. ಪಟೇಲರು ಎತ್ತುಗಳನ್ನು ಕಟ್ಟುತ್ತಿದ್ದ ಮನೆಯಲ್ಲಿ ಅವರಿಗೆ ವಸತಿ ದೊರೆಯಿತು. ಸುಮಾರು ಹನ್ನೊಂದು ತಿಂಗಳು ಅಲ್ಲಿದ್ದು ಜಮೀನಿನ ವ್ಯವಹಾರ, ಜಗಳ, ಪಂಚಾಯಿತಿ, ಹಬ್ಬಹರಿದಿನಗಳನ್ನು ಹತ್ತಿರದಿಂದ ನೋಡಿದರು. 'ಪ್ರಬಲ ಜಾತಿ' ಎಂಬ ಪರಿಕಲ್ಪನೆ ಬೆಳೆದುದು ಈ ಅನುಭವದಿಂದ. ಇಂದು ಪ್ರತಿ ಚುನಾವಣೆಯಲ್ಲೂ ಕೇಳಿಬರುವ 'ವೋಟ್ ಬ್ಯಾಂಕ್' ಎಂಬ ಮಾತು ಕೂಡ ಅವರು ಈ ಹಳ್ಳಿಯನ್ನು ಕುರಿತು ಬರೆದ, 1955ರಲ್ಲಿ ಪ್ರಕಟವಾದ ಲೇಖನದಲ್ಲಿ ಬಂದಿದೆ.

ಆದರೆ ಹಣ ಮತ್ತು ಕಾಲ ದೊರೆತ ಮಾತ್ರಕ್ಕೆ ಇಡೀ ಊರು ಕಣ್ಣಿಗೆ ಬೀಳುವುದಿಲ್ಲ. ಪಟೇಲರ ಆಶ್ರಯದಲ್ಲಿದ್ದ ಬ್ರಾಹ್ಮಣ ಯುವಕನಿಗೆ ಹರಿಜನ ಕೇರಿಯ ಬಾಳು ಅಷ್ಟು ಸುಲಭವಾಗಿ ತೆರೆದುಕೊಳ್ಳಲಿಲ್ಲ. ತಾವು ಊರನ್ನು ಮೇಲ್ಜಾತಿಯವರ ಕಣ್ಣಿನಿಂದ ಕಂಡದ್ದೇ ಹೆಚ್ಚು ಎಂಬುದನ್ನು ಶ್ರೀನಿವಾಸ್ ಅವರೇ ಮುಂದೆ ಒಪ್ಪಿಕೊಂಡರು. ಎಲ್ಲಿ ಇಳಿದುಕೊಂಡಿದ್ದೇವೆ, ಯಾರ ಮನೆಯಲ್ಲಿ ಉಣ್ಣುತ್ತೇವೆ ಎಂಬುದು ನಮಗೆ ಕಾಣುವ ಸತ್ಯವನ್ನೂ ನಿರ್ಧರಿಸುತ್ತದೆ. ಕ್ಷೇತ್ರಕಾರ್ಯಕ್ಕೆ ಹೊರಡುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಇದನ್ನು ನೆನಪಿನಲ್ಲಿಡಬೇಕು.

1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ, ಶ್ರೀನಿವಾಸ್ ವರ್ಷಗಟ್ಟಲೆ ಶ್ರಮಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಅವರು ಎದೆಗುಂದಲಿಲ್ಲ. ನೆನಪನ್ನೇ ಆಧಾರವಾಗಿಟ್ಟುಕೊಂಡು ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಪ್ರಕಟವಾಯಿತು. ಊರಿನಲ್ಲಿ ನೆಲೆಸಿದ ಆ ತಿಂಗಳುಗಳು ಮನಸ್ಸಿನಲ್ಲಿ ಅಷ್ಟು ಆಳವಾಗಿ ಬೇರೂರಿದ್ದವು. ಎರಡು ದಿನ ಬಂದು ಪ್ರಶ್ನಾವಳಿ ತುಂಬಿಸಿಕೊಂಡು ಹೋದವರಿಗೆ ಇದು ಸಾಧ್ಯವಾಗುತ್ತಿರಲಿಲ್ಲ.

ಇಂದಿನ ವಿದ್ಯಾರ್ಥಿಗಳಿಗೆ ದಾರಿಗಳು ಹಲವು. 1969ರಲ್ಲಿ ಸ್ಥಾಪನೆಯಾದ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ಪಿಎಚ್.ಡಿ. ಅಧ್ಯಯನಕ್ಕೆ ಫೆಲೋಷಿಪ್ ಕೊಡುತ್ತದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಕಿರಿಯ ಸಂಶೋಧನಾ ಫೆಲೋಷಿಪ್ ಪರೀಕ್ಷೆಯಲ್ಲಿ ಮಾನವಶಾಸ್ತ್ರವೂ ಒಂದು ವಿಷಯ. 1945ರಲ್ಲಿ ಆರಂಭವಾದ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ಪ್ರಾದೇಶಿಕ ಕೇಂದ್ರವೊಂದು ಮೈಸೂರಿನಲ್ಲಿಯೇ ಇದೆ.

ಹೀಗೆ ದೊರೆಯುವ ವೇತನ ಸಾರ್ವಜನಿಕರ ಹಣ. ಅದರ ಜೊತೆಗೆ ಊರಿನ ಜನರೂ ತಮ್ಮ ಕೆಲಸ ಬಿಟ್ಟು ಸಂಶೋಧಕನೊಡನೆ ಕುಳಿತು ಮಾತನಾಡುತ್ತಾರೆ. ಅದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಆದ್ದರಿಂದ ಪ್ರಬಂಧ ಮುಗಿದ ಮೇಲೆ ಅದರ ಸಾರವನ್ನು ಕನ್ನಡದಲ್ಲಿ ಬರೆದು, ಆ ಊರಿನ ಶಾಲೆಗೋ ಗ್ರಂಥಾಲಯಕ್ಕೋ ಒಂದು ಪ್ರತಿ ತಲುಪಿಸುವುದು ವಿದ್ಯಾರ್ಥಿಯ ಕರ್ತವ್ಯ. ತಮ್ಮ ಬಗ್ಗೆ ಏನು ಬರೆಯಲಾಗಿದೆ ಎಂಬುದನ್ನು ಓದುವ, ತಪ್ಪಿದ್ದರೆ ತಪ್ಪೆನ್ನುವ ಹಕ್ಕು ಅವರಿಗೂ ಇದೆ.