ಕಳೆದದ್ದು ಸುತ್ತಿಗೆ, ಸಿಕ್ಕಿದ್ದು ಚಿನ್ನ

ಹೊಲದಲ್ಲಿ ಸುತ್ತಿಗೆ ಕಳೆದುಹೋದರೆ ನೀವೇನು ಮಾಡುತ್ತೀರಿ? ಸ್ವಲ್ಪ ಹೊತ್ತು ಹುಡುಕುತ್ತೀರಿ. ಸಿಗದಿದ್ದರೆ ಹೊಸದನ್ನು ಕೊಳ್ಳುತ್ತೀರಿ. ಇಂಗ್ಲೆಂಡಿನ ಸಫೊಕ್ ಪ್ರಾಂತ್ಯದ ಹಾಕ್ಸನ್ ಎಂಬ ಹಳ್ಳಿಯ ರೈತರೊಬ್ಬರು ಹಾಗೆ ಮಾಡಲಿಲ್ಲ. ಲೋಹಶೋಧಕವಿದ್ದ ಗೆಳೆಯರೊಬ್ಬರ ನೆರವು ಕೇಳಿದರು. 1992ರ ನವೆಂಬರ್ 16ರಂದು ಆ ಗೆಳೆಯರು ಹೊಲದಲ್ಲಿ ಉಪಕರಣವನ್ನು ಆಡಿಸುತ್ತಿದ್ದಾಗ ಜೋರಾದ ಸದ್ದು ಕೇಳಿಬಂತು. ಅಗೆದು ನೋಡಿದರೆ ಬೆಳ್ಳಿಯ ಚಮಚಗಳು, ನಾಣ್ಯಗಳು, ಚಿನ್ನದ ಒಡವೆಗಳು!

ಆಗ ಅವರು ಒಂದು ವಿವೇಕದ ಕೆಲಸ ಮಾಡಿದರು. ಪೂರ್ತಿ ಅಗೆಯದೆ ಅಲ್ಲಿಗೇ ನಿಲ್ಲಿಸಿ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದರು. ಮರುದಿನವೇ ಪುರಾತತ್ತ್ವಜ್ಞರು ಬಂದು ಉತ್ಖನನ ನಡೆಸಿದರು. ಉಳಿದ ನಿಧಿಯ ಬಹುಭಾಗವನ್ನು ಮಣ್ಣಿನ ಹೆಂಟೆಗಳ ಸಮೇತ ಎತ್ತಿ ಪ್ರಯೋಗಾಲಯಕ್ಕೆ ಸಾಗಿಸಿದರು. ಇದರಿಂದ ಏನು ಲಾಭವಾಯಿತು ಎಂಬುದನ್ನು ಮುಂದೆ ನೋಡೋಣ.

ಸದ್ದು ಹೇಗೆ ಬರುತ್ತದೆ?

ಲೋಹಶೋಧಕದ ತಳದಲ್ಲಿ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ಪರ್ಯಾಯ ವಿದ್ಯುತ್ ಹರಿದಾಗ ಸುತ್ತಲೂ ಬದಲಾಗುತ್ತಿರುವ ಕಾಂತಕ್ಷೇತ್ರ ಉಂಟಾಗುತ್ತದೆ. ನೆಲದಡಿಯಲ್ಲಿ ಲೋಹವಿದ್ದರೆ ಅದರಲ್ಲಿ ಸುಳಿ ವಿದ್ಯುತ್ ಪ್ರೇರಿತವಾಗುತ್ತದೆ. ಈ ಸುಳಿ ವಿದ್ಯುತ್ ತನ್ನದೇ ಆದ ಪುಟ್ಟ ಕಾಂತಕ್ಷೇತ್ರವನ್ನು ಸೃಷ್ಟಿಸುತ್ತದೆ. ಇನ್ನೊಂದು ಸುರುಳಿ ಅದನ್ನು ಗ್ರಹಿಸಿ ಸದ್ದು ಮಾಡುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇದಕ್ಕೆಲ್ಲ ಆಧಾರ.

ಈ ತತ್ತ್ವದ ಮೇಲೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಒಂದು ಉಪಕರಣ ಸಿದ್ಧಪಡಿಸಿದ್ದರು. ಗುಂಡೇಟು ತಿಂದಿದ್ದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ದೇಹದಲ್ಲಿ ಗುಂಡು ಎಲ್ಲಿದೆ ಎಂದು ಪತ್ತೆಹಚ್ಚುವುದು ಅವರ ಉದ್ದೇಶ. ಪ್ರಯತ್ನ ಫಲಿಸಲಿಲ್ಲ. ಹಾಸಿಗೆಯಲ್ಲಿದ್ದ ಉಕ್ಕಿನ ಸ್ಪ್ರಿಂಗುಗಳು ಉಪಕರಣದ ದಾರಿ ತಪ್ಪಿಸಿದವು ಎನ್ನುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೂಜೆಫ್ ಕೊಸಾಟ್ಸ್ಕಿ ನೆಲಬಾಂಬ್ ಹುಡುಕಲು ಕೈಯಲ್ಲಿ ಹಿಡಿಯಬಹುದಾದ ಶೋಧಕ ರೂಪಿಸಿದರು.

ಇಂದಿನ ಶೋಧಕಗಳು ಕಬ್ಬಿಣವನ್ನು ಇತರ ಲೋಹಗಳಿಂದ ಬಹುಮಟ್ಟಿಗೆ ಬೇರ್ಪಡಿಸಿ ತಿಳಿಸಬಲ್ಲವು. ಆದರೆ ತೆಳುವಾದ ಚಿನ್ನದ ಉಂಗುರವೂ ಅಲ್ಯೂಮಿನಿಯಂ ಚೂರೂ ಹಲವು ವೇಳೆ ಒಂದೇ ಬಗೆಯ ಸಂಕೇತ ಕೊಡುತ್ತವೆ. ಅಂದರೆ ಉಪಕರಣ ಹೇಳುವುದು ‘ಇಲ್ಲಿ ಲೋಹವಿದೆ’ ಎಂದಷ್ಟೇ. ಅದು ಯಾವುದು, ಯಾರದು, ಯಾವ ಕಾಲದ್ದು ಎಂಬುದನ್ನು ನಾವೇ ಕಂಡುಕೊಳ್ಳಬೇಕು.

ಒಡವೆಯ ಗುರುತು

ಹಾಕ್ಸನ್‌ನಲ್ಲಿ ದೊರೆತ ಚಿನ್ನದ ಒಡವೆಗಳು 29: 19 ಬಳೆಗಳು, 6 ಕಂಠಹಾರಗಳು, 3 ಉಂಗುರಗಳು, ಮತ್ತು ಮೈಮೇಲೆ ಧರಿಸುವ ಒಂದು ಸರಪಣಿ. ನಾಲ್ಕು ಎಳೆಗಳ ಈ ಸರಪಣಿ ಭುಜಗಳ ಮೇಲಿಂದಲೂ ಕಂಕುಳ ಕೆಳಗಿಂದಲೂ ಹಾಯ್ದು ಎದೆಯ ಮೇಲೆ ಮತ್ತು ಬೆನ್ನಿನಲ್ಲಿ ಕೂಡಿಕೊಳ್ಳುತ್ತದೆ. ನಮ್ಮ ಪ್ರಾಚೀನ ಶಿಲ್ಪಗಳಲ್ಲಿ ಕಾಣುವ ‘ಛನ್ನವೀರ’ ಎಂಬ ಆಭರಣವನ್ನು ನೆನಪಿಸಿಕೊಳ್ಳಿ. ಇದು ಅದೇ ಬಗೆಯದು. ಎದೆಯ ಪದಕದಲ್ಲಿ ಒಂದು ನೇರಳೆ ಬಣ್ಣದ ಅಮೆಥಿಸ್ಟ್, ಅದರ ಸುತ್ತ ನಾಲ್ಕು ಕೆಂಪು ಗಾರ್ನೆಟ್ ಕಲ್ಲುಗಳಿವೆ. ಅವುಗಳ ನಡುವಿನ ನಾಲ್ಕು ಗೂಡುಗಳು ಮಾತ್ರ ಖಾಲಿ. ಅಲ್ಲಿ ಬಹುಶಃ ಮುತ್ತುಗಳಿದ್ದವು. ಮುತ್ತಿನ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್. ಮಣ್ಣಿನಲ್ಲಿ ಅದು ಕರಗಿ ಹೋಗಬಲ್ಲದು. ಗಾರ್ನೆಟ್‌ನಂಥ ಸಿಲಿಕೇಟ್ ಕಲ್ಲು ಉಳಿಯುತ್ತದೆ. ನೋಡಿ, ಖಾಲಿ ಗೂಡು ಕೂಡ ಒಂದು ಪುರಾವೆಯೇ!

ಒಡವೆಗಳ ಚಿನ್ನದ ಸರಾಸರಿ ಶುದ್ಧತೆ ಶೇಕಡ 91.5. ಅದು ಹೆಚ್ಚುಕಡಿಮೆ ನಮ್ಮ ಅಂಗಡಿಗಳ 22 ಕ್ಯಾರಟ್. ಉಳಿದದ್ದು ಬೆಳ್ಳಿ ಮತ್ತು ತಾಮ್ರ. ಇಂಥ ಸಂಯೋಜನೆಯನ್ನು ಒಡವೆಗೆ ಗಾಯ ಮಾಡದೆ ತಿಳಿಯುವ ವಿಧಾನಗಳಲ್ಲಿ ಎಕ್ಸ್-ಕಿರಣ ಪ್ರತಿದೀಪ್ತಿ ಮುಖ್ಯವಾದುದು. ಎಕ್ಸ್-ಕಿರಣ ತಾಗಿದಾಗ ಪ್ರತಿ ಧಾತುವೂ ತನ್ನದೇ ಶಕ್ತಿಯ ಕಿರಣವನ್ನು ಹೊರಸೂಸುತ್ತದೆ. ಇಲ್ಲೊಂದು ಎಚ್ಚರ ಬೇಕು. ಬಹುಕಾಲ ಮಣ್ಣಿನಲ್ಲಿದ್ದ ಒಡವೆಯ ಮೇಲ್ಮೈಯಿಂದ ತಾಮ್ರ, ಬೆಳ್ಳಿ ಸವೆದಿರಬಹುದು. ಆಗ ಮೇಲ್ಮೈ ಒಳಭಾಗಕ್ಕಿಂತ ಶುದ್ಧವಾಗಿ ಕಾಣುತ್ತದೆ.

ಇನ್ನೊಂದು ವಿಧಾನವನ್ನು ನಿಮ್ಮ ಶಾಲೆಯಲ್ಲೇ ಮಾಡಬಹುದು. ಅದು ಆರ್ಕಿಮಿಡೀಸ್ ತತ್ತ್ವ. ಕಲ್ಲಿಲ್ಲದ, ಟೊಳ್ಳಲ್ಲದ ಉಂಗುರವನ್ನು ಗಾಳಿಯಲ್ಲಿ ತೂಗಿ. ಬಳಿಕ ನೂಲಿನಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿ. ಮೊದಲ ತೂಕವನ್ನು ತೂಕದ ಇಳಿಕೆಯಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ಸಿಗುತ್ತದೆ. ಶುದ್ಧ ಚಿನ್ನಕ್ಕೆ ಅದು 19.3, ಬೆಳ್ಳಿಗೆ 10.5. ಮನೆಯ 22 ಕ್ಯಾರಟ್ ಉಂಗುರಕ್ಕೆ ಎಷ್ಟು ಬರುತ್ತದೆ, ನೋಡಿ.

ಕಾಲದ ಗುರುತು

ಚಿನ್ನದ ಶುದ್ಧತೆಯಿಂದ ಅದರ ಕಾಲ ತಿಳಿಯದು. ಹಾಕ್ಸನ್‌ನಲ್ಲಿ ಕಾಲವನ್ನು ಹೇಳಿದ್ದು ಒಡವೆಗಳ ಜೊತೆಗಿದ್ದ ಸುಮಾರು 15 ಸಾವಿರ ರೋಮನ್ ನಾಣ್ಯಗಳು. 2005ರ ನಾಣ್ಯವಿರುವ ಚೀಲವನ್ನು 2005ಕ್ಕಿಂತ ಮೊದಲು ಹೂಳಲು ಸಾಧ್ಯವೇ? ಇಲ್ಲ. ಹಾಕ್ಸನ್ ನಾಣ್ಯಗಳಲ್ಲಿ ತೀರ ಹೊಸವು ಕ್ರಿ.ಶ. 407–408ರವು. ಆದ್ದರಿಂದ ನಿಧಿಯನ್ನು ಹೂಳಿದ್ದು ಅದಕ್ಕಿಂತ ಮುಂಚೆ ಅಲ್ಲ. ಬ್ರಿಟನ್ನಿನಲ್ಲಿ ರೋಮನ್ ಆಳ್ವಿಕೆ ಕುಸಿದದ್ದು ಸರಿಸುಮಾರು ಆ ದಿನಗಳಲ್ಲೇ. ಬೆನ್ನಿನ ಪದಕದಲ್ಲಿ ಕೂರಿಸಿರುವ ಚಿನ್ನದ ನಾಣ್ಯವು ಮಾತ್ರ ಚಕ್ರವರ್ತಿ ಗ್ರೇಷಿಯನ್‌ನದು. ಅವನು 383ರಲ್ಲಿ ಸತ್ತ. ಹೂಳುವ ವೇಳೆಗೆ ಆ ನಾಣ್ಯವೇ ಹಳೆಯದಾಗಿತ್ತು.

ಒಂದು ಬಳೆಯಲ್ಲಿ ಚಿನ್ನವನ್ನು ಕೊರೆದು ಲ್ಯಾಟಿನ್ ಅಕ್ಷರಗಳನ್ನು ಮೂಡಿಸಿದ್ದಾರೆ. ‘ಜೂಲಿಯಾನಾ ಅಮ್ಮನವರೇ, ಸಂತೋಷದಿಂದ ಬಳಸಿರಿ’ ಎಂಬುದು ಅದರ ಅರ್ಥ. ಆಕೆ ಯಾರೆಂದು ಇತಿಹಾಸದಲ್ಲಿ ಬೇರೆಲ್ಲೂ ದಾಖಲೆಯಿಲ್ಲ. ಮೈಸರಪಣಿಯ ಅಳತೆಯಂತೂ ತೀರ ಚಿಕ್ಕದು. ತೆಳುಮೈಯ ತರುಣಿಗೆ ಮಾತ್ರ ಅದು ಹಿಡಿಸೀತು.

ಅಗೆಯುವುದನ್ನು ನಿಲ್ಲಿಸಿದ್ದರಿಂದ ಏನಾಯಿತು?

ಮಣ್ಣಿನಲ್ಲಿ ಮರದ ಚೂರುಗಳು, ಕಬ್ಬಿಣದ ಪಟ್ಟಿಗಳು, ಬೆಳ್ಳಿಯ ಪುಟ್ಟ ಬೀಗಗಳು ಸಿಕ್ಕವು. ಅವು ಬಿದ್ದಿದ್ದ ಜಾಗಗಳನ್ನು ಗುರುತಿಸಿಕೊಂಡು ಓಕ್ ಮರದ ಪೆಟ್ಟಿಗೆಯ ಅಳತೆಯನ್ನು ಸುಮಾರು 60 × 45 × 30 ಸೆಂಟಿಮೀಟರ್ ಎಂದು ಲೆಕ್ಕ ಹಾಕಿದರು. ಅದರೊಳಗೆ ಬೇರೆ ಮರಗಳ ಚಿಕ್ಕ ಪೆಟ್ಟಿಗೆಗಳಿದ್ದವು. ಅಂದರೆ ಯಾರೋ ಗಾಬರಿಯಲ್ಲಿ ಹಳ್ಳಕ್ಕೆ ಸುರಿದದ್ದಲ್ಲ, ಒಪ್ಪವಾಗಿ ಜೋಡಿಸಿ ಬೀಗ ಹಾಕಿ ಹೂತದ್ದು. ಆತುರದಿಂದ ಅಗೆದು ಚೀಲಕ್ಕೆ ತುಂಬಿಕೊಂಡಿದ್ದರೆ ಚಿನ್ನದ ತೂಕ ಒಂದು ಗುಂಜಿಯೂ ಕಡಿಮೆಯಾಗುತ್ತಿರಲಿಲ್ಲ. ಪೆಟ್ಟಿಗೆಯ ಕಥೆ ಮಾತ್ರ ಶಾಶ್ವತವಾಗಿ ಅಳಿಸಿಹೋಗುತ್ತಿತ್ತು.

ನಮ್ಮಲ್ಲೂ ಇದೇ ಪಾಠವಿದೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ದೊರೆಯಿತು. ಅದು ಮಣ್ಣಿನ ಯಾವ ಪದರದಲ್ಲಿತ್ತು ಎಂಬುದನ್ನು ದಾಖಲಿಸಿದ್ದರಿಂದ ಜೊತೆಗಿದ್ದ ಮಡಕೆ ಚೂರುಗಳ ಕಾಲವನ್ನೂ ಊಹಿಸಲು ಸಾಧ್ಯವಾಯಿತು. ಅದೇ ನಾಣ್ಯ ಅಕ್ಕಸಾಲಿಗನ ಮೂಸೆಗೆ ಬಿದ್ದಿದ್ದರೆ ಕೆಲವೇ ಗ್ರಾಂ ಬೆಳ್ಳಿ, ಅಷ್ಟೆ.

ಶಿಕ್ಷಕರೇ, ವಿದ್ಯಾರ್ಥಿಗಳೇ, ಬಾವಿ ತೋಡುವಾಗ, ಪಾಯ ಅಗೆಯುವಾಗ ಹಳೆಯ ಒಡವೆಯೋ ನಾಣ್ಯವೋ ಕಂಡರೆ ಅಲ್ಲಿಗೇ ನಿಲ್ಲಿಸಿ. ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಅಂಟಿದ ಮಣ್ಣೂ ಪುರಾವೆಯೇ. ಸ್ಥಳದ ಗುರುತು ಮತ್ತು ಆಳವನ್ನು ಬರೆದುಕೊಂಡು ಸರ್ಕಾರಕ್ಕೆ ತಿಳಿಸಿ. 1878ರ ಭಾರತೀಯ ನಿಧಿ ಕಾಯಿದೆ ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ವಿಧಿಸಿತು. ಕರ್ನಾಟಕಕ್ಕೆ 1962ರ ಪ್ರತ್ಯೇಕ ಕಾಯಿದೆಯೂ ಇದೆ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಪರವಾನಗಿಯಿಲ್ಲದೆ ಅಗೆಯುವುದು ಅಪರಾಧ.

ಹಾಕ್ಸನ್ ನಿಧಿಯನ್ನು ಪ್ರಾಮಾಣಿಕವಾಗಿ ಒಪ್ಪಿಸಿದ್ದಕ್ಕಾಗಿ ಸರ್ಕಾರ 17.5 ಲಕ್ಷ ಪೌಂಡ್ ಬಹುಮಾನ ನೀಡಿತು. ಶೋಧಿಸಿದವರು ಅದನ್ನು ರೈತಮಿತ್ರರೊಡನೆ ಹಂಚಿಕೊಂಡರು. ಅಂದಹಾಗೆ, ಸುತ್ತಿಗೆಯೂ ಸಿಕ್ಕಿತು. ಅದು ಈಗ ನಿಧಿಯಂತೆಯೇ ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ.