ಚಿನ್ನದ ಗಣಿಯ ಚಿತ್ರದ ಕಾರ್ಡುಗಳು



ಕಳೆದ ತಿಂಗಳು ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಲಕೋಟೆ ಕಳುಹಿಸಿದ್ದಾನೆ. ಒಳಗೆ ಒಂದೇ ಒಂದು ಚಿತ್ರದ ಕಾರ್ಡು. ಅದರಲ್ಲಿ ಹುಲ್ಲು ಹೊದಿಸಿದ ಮಾಡು, ಬಿದಿರಿನ ಕಂಬಗಳು, ಬಾಗಿಲ ಎರಡು ಕಡೆ ಕಣ್ಣು ಬಿಟ್ಟ ಮರದ ವಿಗ್ರಹಗಳು. ನೋಡಿದೊಡನೆ ಪೆಸಿಫಿಕ್ ಸಾಗರದ ಯಾವುದೋ ದ್ವೀಪವೆಂದು ತೋರುತ್ತದೆ. ಆದರೆ ಅದು ಅಮೆರಿಕದ ಹೆದ್ದಾರಿಯ ಬದಿಯ ಉಡುಗೊರೆ ಅಂಗಡಿ! "ಸಾರ್, ಇಲ್ಲಿ ಇಂಥ ಕಾರ್ಡುಗಳನ್ನು ಹಣ ಕೊಟ್ಟು ಕೂಡಿಡುವವರಿದ್ದಾರೆ. ನಿಮ್ಮ ನೆನಪಾಯಿತು" ಎಂದು ಬರೆದಿದ್ದಾನೆ. ನೆನಪಾದದ್ದು ಸಂತೋಷ.

ಅಮೆರಿಕದಲ್ಲಿ ಈ ಪಾಲಿನೇಷಿಯಾದ ಹುಚ್ಚು 1930ರ ದಶಕದಲ್ಲಿ ಹಾಲಿವುಡ್ಡಿನ ಮತ್ತು ಓಕ್‌ಲೆಂಡಿನ ಹೋಟೆಲುಗಳಿಂದ ಆರಂಭವಾಯಿತು. ಎರಡನೆಯ ಮಹಾಯುದ್ಧದಲ್ಲಿ ಆ ದ್ವೀಪಗಳನ್ನು ಕಂಡು ಬಂದ ಸೈನಿಕರಿಂದ ಅದು ಹೆಚ್ಚಿತು. 1959ರಲ್ಲಿ ಹವಾಯಿ ಐವತ್ತನೆಯ ರಾಜ್ಯವಾದಾಗ ಊರೂರಿಗೂ ಹಬ್ಬಿತು. ಅಂಗಡಿಗಳು ಮುಚ್ಚಿದವು, ಕಾರ್ಡುಗಳು ಉಳಿದವು. ಇಂಥ ಕಾರ್ಡುಗಳನ್ನು ರಾಶಿರಾಶಿಯಾಗಿ ಮುದ್ರಿಸಿದ ಚಿಕಾಗೋದ ಕರ್ಟ್ ಟೈಕ್ ಎಂಬ ಕಂಪನಿ 1898ರಿಂದ 1978ರವರೆಗೆ ನಡೆಯಿತು. ಅದರ ದಾಖಲೆಗಳೆಲ್ಲ ಈಗ ಅಲ್ಲಿನ ನ್ಯೂಬೆರಿ ಗ್ರಂಥಾಲಯದಲ್ಲಿವೆ. ಅಂಗಡಿಯ ಜಾಹೀರಾತೂ ಕಾಲಾನಂತರದಲ್ಲಿ ಇತಿಹಾಸದ ಆಕರವಾಗುತ್ತದೆಂದು ಅವರಿಗೆ ತಿಳಿದಿತ್ತು. ನನಗೆ ಅದು ತಿಳಿಯಲು ಬಹಳ ಕಾಲ ಹಿಡಿಯಿತು; ಅದನ್ನು ಮುಂದೆ ಹೇಳುತ್ತೇನೆ.

ಆ ಕಾರ್ಡನ್ನು ಮೇಜಿನ ಮೇಲಿಟ್ಟು ನೋಡುತ್ತಿದ್ದಾಗ ನಮ್ಮ ಕೋಲಾರದ ಚಿನ್ನದ ಗಣಿಯ ಹಳೆಯ ಕಾರ್ಡುಗಳನ್ನು ಹೊರತೆಗೆಯಬೇಕೆನಿಸಿತು. ನನ್ನ ಬಳಿ ಹನ್ನೊಂದು ಇವೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಎರಡು ಮೂರು ವರ್ಷ ಇಲ್ಲಿಂದ ಕುಟುಂಬಗಳು ಹೊರಟವು, ಬೆಂಗಳೂರಿಗೆ, ಚೆನ್ನೈಗೆ, ಕೆಲವು ಆಸ್ಟ್ರೇಲಿಯಾಕ್ಕೂ. ಹೊತ್ತೊಯ್ಯಲಾಗದ್ದು ಆಂಡರ್ಸನ್‌ಪೇಟೆಯ ಗುಜರಿ ಅಂಗಡಿಗೆ ತೂಕದ ಲೆಕ್ಕದಲ್ಲಿ ಬಂದಿತು. ಮದುವೆಯ ಆಲ್ಬಂ, ಬೈಬಲ್, ಪರೀಕ್ಷೆಯ ಅಂಕಪಟ್ಟಿ, ಬಿಸ್ಕತ್ತಿನ ಡಬ್ಬಿಯಲ್ಲಿ ಕಾಗದಪತ್ರ. ಸಂಜೆ ಶಾಲೆಯಿಂದ ಬರುವಾಗ ಅಲ್ಲಿ ನಿಲ್ಲುವುದು ನನ್ನ ವಾಡಿಕೆಯಾಯಿತು. ಅಂಗಡಿಯವನು ನನ್ನಿಂದ ಕಾರ್ಡಿಗೆ ಐದು ರೂಪಾಯಿ ತೆಗೆದುಕೊಳ್ಳುತ್ತಿದ್ದ. ಮೊದಲ ಬಾರಿ ಎರಡು ರೂಪಾಯಿ ಹೇಳಿದ್ದ. ನನ್ನ ಮುಖ ನೋಡಿ ಬೆಲೆ ಏರಿಸಿದ.

ಅಂಚೆಕಾರ್ಡಿನ ಇತಿಹಾಸವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಜಗತ್ತಿನ ಮೊದಲ ಸರ್ಕಾರಿ ಅಂಚೆಕಾರ್ಡು ಹೊರಟದ್ದು 1869ರ ಅಕ್ಟೋಬರ್ 1ರಂದು, ಆಸ್ಟ್ರಿಯಾ-ಹಂಗೇರಿಯಲ್ಲಿ. ನಮ್ಮ ದೇಶಕ್ಕೆ 1879ರ ಜುಲೈನಲ್ಲಿ ಬಂದಿತು. ಬೆಲೆ ಕಾಲಾಣೆ, ಅಂದರೆ ಮೂರು ಪೈ. ಚಿತ್ರದ ಕಾರ್ಡಿನ ಮೋಹ ಬೆಳೆದದ್ದು ಆ ಶತಮಾನದ ಕೊನೆಗೆ. ಮೊದಲು ಒಂದು ಮಗ್ಗುಲು ವಿಳಾಸಕ್ಕೇ ಮೀಸಲಾಗಿದ್ದುದರಿಂದ ಚಿತ್ರದ ಅಂಚಿನಲ್ಲಿಯೇ ಒಕ್ಕಣೆ ಗೀಚಬೇಕಿತ್ತು. ವಿಳಾಸದ ಮಗ್ಗುಲನ್ನು ಗೆರೆ ಎಳೆದು ಎರಡು ಭಾಗ ಮಾಡಲು ಬ್ರಿಟನ್ 1902ರಲ್ಲಿ ಒಪ್ಪಿತು. 1906ರ ರೋಮ್ ಅಂಚೆ ಸಮ್ಮೇಳನದಲ್ಲಿ ಉಳಿದ ದೇಶಗಳೂ ಒಪ್ಪಿದವು. ಆದ್ದರಿಂದ ಕಾರ್ಡು ಕೈಗೆ ಬಂದರೆ ಮೊದಲು ಬೆನ್ನು ನೋಡಬೇಕು. ನಡುವೆ ಗೆರೆಯಿದೆಯೇ? ಇದ್ದರೆ 1902ಕ್ಕಿಂತ ಹಿಂದಿನದಲ್ಲ.

ದಕ್ಷಿಣದಲ್ಲಿ ಮದರಾಸಿನ ವೀಲೆ ಅಂಡ್ ಕ್ಲೈನ್ ಎಂಬ ಛಾಯಾಚಿತ್ರಶಾಲೆ ಮತ್ತು ಹಿಗ್ಗಿನ್‌ಬಾಥಮ್ಸ್ ಪುಸ್ತಕದಂಗಡಿ ಇಂಥ ಕಾರ್ಡುಗಳಿಗೆ ಹೆಸರಾಗಿದ್ದವು. 1844ರಲ್ಲಿ ಮದರಾಸಿನಲ್ಲಿ ಹುಟ್ಟಿದ ಹಿಗ್ಗಿನ್‌ಬಾಥಮ್ಸ್ 1905ರಲ್ಲಿ ಬೆಂಗಳೂರಿಗೂ ಬಂದಿತು. ಇಂದು ಮಹಾತ್ಮ ಗಾಂಧಿ ರಸ್ತೆಯಲ್ಲಿರುವುದು ಅದೇ ಅಂಗಡಿ. ಚಿತ್ರ ತೆಗೆದದ್ದು ಇಲ್ಲಿ, ಅಚ್ಚು ಹಾಕಿದ್ದು ಬಹುಮಟ್ಟಿಗೆ ಜರ್ಮನಿಯಲ್ಲಿ. 1914ರಲ್ಲಿ ಯುದ್ಧ ಬಂದು ಆ ದಾರಿ ಮುಚ್ಚಿತು. ಈ ಮದರಾಸು-ಬೆಂಗಳೂರು ಕಾರ್ಡುಗಳನ್ನು ನಗರದ ಇತಿಹಾಸವಾಗಿ ಓದುವ ಒಂದು ಪ್ರದರ್ಶನ 2018ರಲ್ಲಿ ಲಂಡನ್ನಿನ ಸೋಯಾಸ್ ವಿದ್ಯಾಸಂಸ್ಥೆಯಲ್ಲಿ ನಡೆಯಿತು. ಹೋಗಿ ನೋಡುವ ಭಾಗ್ಯ ನನಗಿರಲಿಲ್ಲ.

ಇನ್ನು ನನ್ನ ಹನ್ನೊಂದು ಕಾರ್ಡುಗಳು. ಒಂದರಲ್ಲಿ ಗಣಿಯ ಬಾವಿಯ ಮೇಲಿನ ಕಬ್ಬಿಣದ ಗೋಪುರ, ಪಕ್ಕದಲ್ಲಿ ಹೊಗೆ ಕಾರುವ ಎತ್ತರದ ಚಿಮಣಿಗಳು. ಇನ್ನೊಂದರಲ್ಲಿ ಅಂಥದೇ ಗೋಪುರ. ಆದರೆ ಹೊಗೆಯಿಲ್ಲ, ಬದಲಿಗೆ ತಂತಿ ಕಂಬಗಳು. ಇವೆರಡನ್ನೂ ಒಟ್ಟಿಗಿಟ್ಟು ತರಗತಿಯಲ್ಲಿ ಪಾಠ ಮಾಡಿದ್ದು ನಿಮ್ಮಲ್ಲಿ ಕಡೆಯ ತಂಡದವರಿಗೆ ನೆನಪಿರಬಹುದು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲೆ ಗಣಿ ನಡೆದದ್ದು ಉಗಿಯಂತ್ರದಿಂದ. ಅದಕ್ಕೆ ಸೌದೆ, ಕಲ್ಲಿದ್ದಲು. ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಕ್ಕೆ 1894ರಲ್ಲಿ ರೈಲು ಬಂದಿತು. 1902ರ ಜೂನ್‌ನಲ್ಲಿ ಶಿವನಸಮುದ್ರದ ಕಾವೇರಿಯಿಂದ ವಿದ್ಯುತ್ತು ಬಂದಿತು. 92 ಮೈಲಿಯ ತಂತಿಮಾರ್ಗ, ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲೊಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ! ಹೊಗೆ ಕಂಡರೆ ಹಿಂದಿನದು, ತಂತಿ ಕಂಡರೆ ಈಚಿನದು ಎಂದು ಹುಡುಗರು ಬೇಗ ಕಲಿತರು.

ಉಳಿದವುಗಳಲ್ಲಿ ಬಂಗಲೆ, ಇಗರ್ಜಿ, ಟೆನಿಸ್ ಆಡುವ ಅಂಗಳ, ಗುಲಾಬಿ ತೋಟ. ಜರ್ಮನಿಯ ಬಣ್ಣಗಾರನಿಗೆ ನಮ್ಮ ಕೆಂಪು ಮಣ್ಣು ತಿಳಿಯದು. ಅವನು ನೆಲಕ್ಕೆಲ್ಲ ಹಸಿರು ಬಳಿದಿದ್ದಾನೆ. ಈ ಕಾರ್ಡುಗಳು ಇಂಗ್ಲೆಂಡಿಗೆ, ವಿಶೇಷವಾಗಿ ಕಾರ್ನ್‌ವಾಲಿನ ಮನೆಗಳಿಗೆ ಹೋಗುತ್ತಿದ್ದವು. ಇಲ್ಲಿನ ಬಿಳಿಯ ಗಣಿಗಾರರಲ್ಲಿ ಅನೇಕರು ಅಲ್ಲಿಯ ತವರದ ಗಣಿಗಳಿಂದ ಬಂದವರು. ತಾಯಿಗೆ ಚಿಂತೆಯಾಗದಂತೆ ಟೆನಿಸ್ ಅಂಗಳದ ಚಿತ್ರ ಕಳುಹಿಸುವುದು ಸಹಜವೇ. ಕ್ಯಾಲಿಫೋರ್ನಿಯಾದ ಅಂಗಡಿ ಹುಲ್ಲು ಹೊದಿಸಿ ದ್ವೀಪವಾದಂತೆ, ಕೋಲಾರದ ಬಯಲು ಗುಲಾಬಿ ನೆಟ್ಟು ಪುಟ್ಟ ಇಂಗ್ಲೆಂಡ್ ಆಯಿತು. ಕಾರ್ಡು ಆ ವೇಷವನ್ನು ಮಾತ್ರ ಹಿಡಿಯುತ್ತದೆ. ಬಿದಿರು ತಟ್ಟಿಯ ಕೂಲಿ ಲೈನುಗಳು ನನ್ನ ಹನ್ನೊಂದರಲ್ಲಿ ಒಂದರಲ್ಲಿಯೂ ಇಲ್ಲ. ಆಂಡರ್ಸನ್‌ಪೇಟೆಯೂ ಇಲ್ಲ. ಗಣಿಯ ಬಾವಿಗಳಿಗೆ ಗಿಫರ್ಡ್, ಎಡ್ಗರ್ ಎಂದು ದೊರೆಗಳ ಹೆಸರು. ಕೆಳಗಿಳಿದು ಸುಮಾರು 800 ಟನ್ ಚಿನ್ನ ಹೊರತೆಗೆದವರ ಹೆಸರು ಯಾವ ಕಾರ್ಡಿನ ಕೆಳಗೂ ಅಚ್ಚಾಗಿಲ್ಲ.

ಇಷ್ಟರಲ್ಲಿಯೇ ನಿಲ್ಲಿಸಿದ್ದರೆ ಈ ಬರಹ ಸುಲಭವಾಗುತ್ತಿತ್ತು. ಆದರೆ ಹನ್ನೆರಡನೆಯ ಕಾರ್ಡಿನ ಸಂಗತಿ ಹೇಳಬೇಕಾಗಿದೆ.

1988ರಲ್ಲಿ ನಮ್ಮ ಶಾಲೆಯಲ್ಲಿ ಅಂಚೆಚೀಟಿ ಸಂಗ್ರಹದ ಕೂಟವೊಂದನ್ನು ಕಟ್ಟಿದ್ದೆ. ಆಗ ನನಗೆ ಚೀಟಿಯೇ ಸರ್ವಸ್ವ. ಅದು ಅಂಟಿದ ಕಾಗದ ಬರಿಯ ಸಿಪ್ಪೆ. ಬಟ್ಟಲಲ್ಲಿ ಬೆಚ್ಚಗಿನ ನೀರು, ಹತ್ತು ನಿಮಿಷ ನೆನೆಹಾಕುವುದು, ಚಿಮಟದಲ್ಲಿ ಬಿಡಿಸಿ ರದ್ದಿ ಕಾಗದದ ಮೇಲೆ ಒಣಗಿಸುವುದು. ಇದನ್ನು ಎಷ್ಟು ಹುಡುಗರಿಗೆ ಕಲಿಸಿದೆನೋ ಲೆಕ್ಕವಿಲ್ಲ. ಒಂದು ದಿನ ಎಂಟನೆಯ ತರಗತಿಯ ಹುಡುಗನೊಬ್ಬ ಅಂಗಿಯೊಳಗಿಟ್ಟುಕೊಂಡು ಒಂದು ಹಳೆಯ ಕಾರ್ಡು ತಂದ. ಅವರ ಮನೆ ಕೋರಮಂಡಲ್ ಕಡೆಯ ಲೈನಿನಲ್ಲಿ. ಮೇಲೆ ಏಳನೆಯ ಎಡ್ವರ್ಡ್ ದೊರೆಯ ಮೂರು ಪೈ ಚೀಟಿ, ಬೂದು ಬಣ್ಣದ್ದು. ನನಗೆ ಬಹಳ ಸಂತೋಷವಾಯಿತು.

ಚಿತ್ರದಲ್ಲಿ ಗಣಿಯ ಬಾವಿಯ ಬಾಯಿ. ಅದರ ಮುಂದೆ ಇಪ್ಪತ್ತು ಮೂವತ್ತು ಮಂದಿ ಕೂಲಿಗಳು, ತಲೆಗೆ ಬಟ್ಟೆ ಸುತ್ತಿ ನಿಂತಿದ್ದರು. ಎಡಗಡೆಯಿಂದ ನಾಲ್ಕೈದನೆಯವನ ತಲೆಯ ಮೇಲೆ ಶಾಯಿಯಲ್ಲಿ ಒಂದು ಗುಣಾಕಾರದ ಗುರುತು. "ಅದು ಅಜ್ಜಿಯ ಅಪ್ಪ, ಸಾರ್. ಊರಿಗೆ ಕಳುಹಿಸಿದ್ದಂತೆ" ಎಂದ ಹುಡುಗ. ಊರು ಗುಡಿಯಾತ್ತಂ ಕಡೆಯ ಒಂದು ಹಳ್ಳಿ. ಅಜ್ಜಿ ಅದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರಂತೆ; ಸಾರ್ ಕೇಳಿದರೆಂದು ಕೊಟ್ಟರಂತೆ. ಹಿಂದುಗಡೆ ತಮಿಳಿನಲ್ಲಿ ನಾಲ್ಕು ಸಾಲಿತ್ತು. ಈ ಊರಿನಲ್ಲಿ ಹುಟ್ಟಿ ಬೆಳೆದ ನನಗೆ ತಮಿಳು ಮಾತು ಬರುತ್ತದೆ, ಅಕ್ಷರ ಬಾರದು. ಪಕ್ಕದ ಕೊಠಡಿಯಲ್ಲಿ ತಮಿಳು ಪಂಡಿತರಿದ್ದರು. ಹತ್ತು ಹೆಜ್ಜೆ ನಡೆದು ಕೇಳಬಹುದಿತ್ತು. ಕೇಳಲಿಲ್ಲ. ಕಾರ್ಡನ್ನು ಇಡಿಯಾಗಿ ನೀರಿಗೆ ಹಾಕಿದೆ.

ಚೀಟಿ ಚೆನ್ನಾಗಿಯೇ ಬಿಟ್ಟಿತು. ಶಾಯಿ ಹರಿದು ನೀರು ನೀಲಿಯಾಯಿತು. ಚಿತ್ರದ ಪದರ ಗುಳ್ಳೆ ಎದ್ದು ಮುದುರಿತು. "ಪರವಾಗಿಲ್ಲವಪ್ಪ, ಮುಖ್ಯವಾದದ್ದು ಚೀಟಿ" ಎಂದು ಹುಡುಗನಿಗೆ ಹೇಳಿದ ನೆನಪಿದೆ. ಅವನು ಏನೂ ಹೇಳಲಿಲ್ಲ. ಉಳಿದ ರಟ್ಟು ಕಸದ ಬುಟ್ಟಿಗೆ ಹೋಯಿತು.

ಇತಿಹಾಸದ ಮೇಷ್ಟರಾಗಿ ಇಂದು ಆ ಕಾರ್ಡನ್ನು ನೆನೆದರೆ ಹಲವು ವಿಷಯ ತೋರುತ್ತದೆ. ಊರಿಗೆ ಸುದ್ದಿ ತಿಳಿಸಲು ಅಂಚೆ ಕಚೇರಿಯ ಕಾಲಾಣೆ ಕಾರ್ಡು ಸಾಕಾಗಿತ್ತು. ಆತ ಬೇರೆಯಾಗಿ ಹಣ ಕೊಟ್ಟು ಚಿತ್ರದ ಕಾರ್ಡು ಕೊಂಡು, ಮೇಲೆ ಮೂರು ಪೈ ಚೀಟಿ ಅಂಟಿಸಿದ್ದಾನೆ. ದೊರೆಗಳು ತಮ್ಮ ಮನೆಗೆಂದು ಮಾಡಿಸಿದ ಕಾರ್ಡಿನಲ್ಲಿ ತನ್ನನ್ನು ತಾನೇ ಗುರುತಿಸಿ ಹೆಂಡತಿಗೆ ತೋರಿಸಿದ್ದಾನೆ. ಕಂಪನಿ ಮುಂದೆ ಬೆರಳ ಗುರುತು ಪಡೆದು ಕೂಲಿಗಳನ್ನು ನೋಂದಾಯಿಸಲು ಹೊರಟಾಗ, 1930ರಲ್ಲಿ, ಇವರ ಮುಂದಿನ ತಲೆಮಾರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದ್ದು ನಿಮಗೆ ಪಾಠದಲ್ಲಿ ಹೇಳಿದ್ದೇನೆ. ಆ ನಾಲ್ಕು ಸಾಲನ್ನು ಆತನೇ ಬರೆದನೋ, ಬರೆಸಿದನೋ? ಬರೆಸಿದ್ದೆಂದೇ ನಾವು ಊಹಿಸುವುದು ವಾಡಿಕೆ. ಆ ಊಹೆ ಅಷ್ಟು ಸರಿಯಲ್ಲ. ಅಯೋತಿದಾಸ ಪಂಡಿತರ 'ತಮಿಳನ್' ಪತ್ರಿಕೆ 1907ರಲ್ಲಿ ಮದರಾಸಿನಲ್ಲಿ ಹುಟ್ಟಿತು. ಅವರ ಬೌದ್ಧ ಸಂಘದ ಶಾಖೆ ಮಾರಿಕುಪ್ಪದಲ್ಲಿತ್ತು. ಮುಂದೆ ಆ ಪತ್ರಿಕೆಯೇ ಈ ಗಣಿಯೂರಿನಿಂದ ಹೊರಟಿತು, ಪಂಡಿತರ ಬರಹಗಳನ್ನು ಇಲ್ಲಿನ ಸಿದ್ಧಾರ್ಥ ಪುಸ್ತಕಶಾಲೆ ಪ್ರಕಟಿಸಿತು. ಲೈನುಗಳಲ್ಲಿ ಓದುವವರಿದ್ದರು, ಬರೆಯುವವರಿದ್ದರು. ಆ ನಾಲ್ಕು ಸಾಲು ಉಳಿದಿದ್ದರೆ ಯಾರ ಕೈಬರಹವೆಂಬುದಕ್ಕೆ ಏನಾದರೂ ಸುಳಿವು ಸಿಗುತ್ತಿತ್ತು.

ಇದೆಲ್ಲ ಈಗ ಏಕೆಂದರೆ, ಆ ಹುಡುಗ (ಈಗ ಐವತ್ತರ ಹತ್ತಿರದ ಗೃಹಸ್ಥ, ಮಾರಿಕುಪ್ಪದ ರೈಲಿನಲ್ಲಿ ದಿನವೂ ಬೆಂಗಳೂರಿಗೆ ಹೋಗಿ ಬರುವವನು) ಯುಗಾದಿಯ ಮರುದಿನ ಮನೆಗೆ ಬಂದಿದ್ದ. ಜೊತೆಗೆ ಕಾಲೇಜು ಓದುವ ಮಗಳು. ಕುಟುಂಬದ ಚರಿತ್ರೆ ಬರೆಯುವ ಪ್ರಾಜೆಕ್ಟು ಕೊಟ್ಟಿದ್ದಾರಂತೆ. ಕಾಫಿ ಕುಡಿದು, ಬಹಳ ಸಂಕೋಚದಿಂದ ಕೇಳಿದ: "ಸಾರ್, ಅಜ್ಜಿ ಕೊಟ್ಟ ಕಾರ್ಡು ನಿಮ್ಮ ಹತ್ತಿರ ಇನ್ನೂ ಇದೆಯೇ?" ಅವನಿಗೆ ಮರೆತಿತ್ತೋ, ಅಥವಾ ನನ್ನ ಮರ್ಯಾದೆ ಕಾಯಲು ಮರೆತಂತೆ ನಟಿಸಿದನೋ ತಿಳಿಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೀಟಿಯನ್ನಾದರೂ ನೋಡಬಹುದೇ, ತಾತ?" ಎಂದಳು.

ಆಲ್ಬಮ್ಮಿನ ಮೂರನೆಯ ಹಾಳೆಯಲ್ಲಿ ಅದು ಇದೆ. ಭೂತಗನ್ನಡಿ ಹಿಡಿದು ಮೂವರೂ ನೋಡಿದೆವು. ಅಂಚೆಯ ದುಂಡು ಮೊಹರಿನ ಅರ್ಧ ಚೀಟಿಯ ಮೇಲೆ ಬಿದ್ದಿದೆ. 'ಚಾಂಪಿಯನ್' ಎಂಬುದರ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಕಾಣುತ್ತದೆ. ತಾರೀಖು ಇನ್ನರ್ಧದಲ್ಲಿತ್ತು, ಅದು ಕಾರ್ಡಿನ ಮೇಲೆ. ದೊರೆಯ ಕಾಲದಿಂದ 1902ರಿಂದ ಈಚೆಗೆ, ಸುಮಾರು 1911ರೊಳಗೆ ಎಂದಷ್ಟೇ ಹೇಳಬಹುದು. ಹುಡುಗಿ ಅದನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡಳು. ಚೀಟಿಯನ್ನೇ ಕೊಡುತ್ತೇನೆಂದೆ, ಅಪ್ಪ ಬೇಡವೆಂದ, ಮಗಳು ತೆಗೆದುಕೊಂಡಳು.

ನಿಮ್ಮ ಮನೆಗಳಲ್ಲಿ, ಅಜ್ಜಿ ತಾತಂದಿರ ಪೆಟ್ಟಿಗೆಗಳಲ್ಲಿ ಇಂಥ ಕಾರ್ಡುಗಳಿದ್ದರೆ ಎರಡೂ ಮಗ್ಗುಲಿನ ಚಿತ್ರ ತೆಗೆದು ನನಗೆ ಕಳುಹಿಸಿ. ಮೂಲ ನಿಮ್ಮಲ್ಲಿಯೇ ಇರಲಿ. ತಮಿಳಿನದಾದರೆ ಓದಿಸಿ ಬರೆದುಕೊಳ್ಳುತ್ತೇನೆ. ನಮ್ಮ ಪಂಡಿತರು ರಾಬರ್ಟ್‌ಸನ್‌ಪೇಟೆಯಲ್ಲಿದ್ದಾರೆ, ಎಂಬತ್ತು ದಾಟಿದ್ದರೂ ಕಣ್ಣು ಚೆನ್ನಾಗಿದೆ. ಚೀಟಿಯನ್ನು ಬಿಡಿಸಬೇಡಿ.