ಜಿಪಿಎಸ್ ಲಾಗರ್: ದಾರಿಯ ದಾಖಲೆಯ ಚರಿತ್ರೆ

ಉಪಗ್ರಹಗಳ ಸಂಕೇತ ಹಿಡಿದು ತಾನಿರುವ ಜಾಗದ ಅಕ್ಷಾಂಶ, ರೇಖಾಂಶ ಮತ್ತು ಆ ಕ್ಷಣದ ಸಮಯವನ್ನು ಲೆಕ್ಕ ಹಾಕಿ, ಗೊತ್ತುಮಾಡಿದ ಅಂತರಕ್ಕೊಮ್ಮೆ ಮೆಮೊರಿಯಲ್ಲಿ ಬರೆದಿಡುವ ಸಣ್ಣ ಉಪಕರಣವೇ ಜಿಪಿಎಸ್ ಲಾಗರ್. ದಾರಿ ತೋರಿಸುವುದು ಇದರ ಕೆಲಸವಲ್ಲ. ಎಷ್ಟೋ ಲಾಗರ್‌ಗಳಿಗೆ ಪರದೆಯೇ ಇಲ್ಲ. ಒಂದು ಗುಂಡಿ, ಎರಡು ಮೂರು ಮಿಣುಕು ದೀಪ, ಒಂದು ಬ್ಯಾಟರಿ, ಇಷ್ಟೇ. ಜೇಬಿಗೆ ಹಾಕಿಕೊಂಡು ಹೊರಟವರು ವಾಪಸು ಬಂದು ಕಂಪ್ಯೂಟರಿಗೆ ಜೋಡಿಸಿದರೆ ನಡೆದ ದಾರಿ ಗೆರೆಯಾಗಿ ಮೂಡುತ್ತದೆ. ಈ ಉಪಕರಣದ ಚರಿತ್ರೆಯನ್ನು ನಿಖರತೆಯ ಕತೆಯಾಗಿ ಹೇಳುವುದು ರೂಢಿ: ನೂರು ಮೀಟರಿನ ತಪ್ಪು ಹತ್ತಕ್ಕೆ ಇಳಿಯಿತು, ಹತ್ತರದ್ದು ಮೂರಕ್ಕೆ ಬಂತು ಎಂದು. ಅದು ಸುಳ್ಳೇನಲ್ಲ. ಆದರೆ ಲಾಗರ್ ಬರೆಯುವ ಸಾಲಿನಲ್ಲಿ ಹೆಚ್ಚು ಬೆಲೆಬಾಳುವ ಅಂಕಣ ಸ್ಥಳದ್ದಲ್ಲ, ಸಮಯದ್ದು. ಅದು ಯಾವ ಕೆಲಸಕ್ಕೆ ಬಂತು, ಎಲ್ಲಿ ಕೆಟ್ಟಿತು, ಯಾರಿಗೆ ಅಪಾಯವಾಯಿತು ಎಂಬುದೆಲ್ಲ ಆ ಒಂದು ಅಂಕಣದಿಂದಲೇ ಹುಟ್ಟಿದ್ದು.

ಜಾಗ ಗುರುತಿಸುವುದಕ್ಕೂ ದಾರಿ ದಾಖಲಿಸುವುದಕ್ಕೂ ಇರುವ ವ್ಯತ್ಯಾಸ ಉಪಗ್ರಹಗಳಿಗಿಂತ ಎಷ್ಟೋ ಹಳೆಯದು. ಟಿಪ್ಪುವಿನ ಪತನದ ಮರುವರ್ಷ, 1800ರ ಕೊನೆಯಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳೂವರೆ ಮೈಲಿಗೆ ತುಸು ಕಡಿಮೆ ಉದ್ದದ ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆದ. ಮುಂದೆ ಇಡೀ ಉಪಖಂಡಕ್ಕೆ ಹಬ್ಬಿದ ತ್ರಿಕೋನಮಿತಿ ಸರ್ವೆಗೆ ಅದು ಪೂರ್ವಾಭ್ಯಾಸದಂತಿತ್ತು. ಅಲ್ಲಿ ಬೇಕಿದ್ದದ್ದು ಒಮ್ಮೆ ನೆಟ್ಟರೆ ಕದಲದ ಬಿಂದುಗಳು. ಅಲ್ಲಿಗೆ ಯಾರು, ಯಾವಾಗ ಹೋದರು ಎಂಬುದು ನಕ್ಷೆಗೆ ಬೇಡ. ಇದಕ್ಕೆ ವಿರುದ್ಧವಾದ ಕೆಲಸ 1865–66ರಲ್ಲಿ ನೈನ್ ಸಿಂಗ್ ರಾವತ್ ಮಾಡಿದ್ದು. ಪರದೇಶದವರಿಗೆ ಮುಚ್ಚಿದ್ದ ಟಿಬೆಟ್ಟಿನಲ್ಲಿ ಯಾತ್ರಿಕನ ವೇಷದಲ್ಲಿ ನಡೆಯುತ್ತ, ಒಂದೇ ಅಳತೆಯ ಹೆಜ್ಜೆ ಹಾಕುತ್ತ, ನೂರು ಹೆಜ್ಜೆಗೊಂದು ಮಣಿ ಎಣಿಸುತ್ತ ಆತ ಲ್ಹಾಸಾ ತಲುಪಿದ. ಜಪಮಾಲೆಯಲ್ಲಿ ನೂರೆಂಟು ಮಣಿ ಇರಬೇಕಾದಲ್ಲಿ ಲೆಕ್ಕಕ್ಕೆ ಅನುಕೂಲವಾಗಲೆಂದು ನೂರೇ ಇದ್ದವು; ಟಿಪ್ಪಣಿಗಳು ಪ್ರಾರ್ಥನಾ ಚಕ್ರದೊಳಗೆ ಅಡಗಿದ್ದವು. ಲಾಗರ್‌ನ ವಂಶ ಹುಡುಕುವವರು ಲ್ಯಾಂಬ್ಟನ್ನನ ಸರಪಳಿಗಿಂತ ಈ ಮಾಲೆಯ ಕಡೆಗೇ ನೋಡಬೇಕು. ಅದಕ್ಕೆ ಇಲ್ಲದಿದ್ದದ್ದು ಒಂದೇ: ಹೆಜ್ಜೆಹೆಜ್ಜೆಗೂ ತಾನಾಗಿ ಬೀಳುವ ಸಮಯದ ಮುದ್ರೆ.

ಆ ಮುದ್ರೆ ಬಂದದ್ದು ಆಕಾಶದಿಂದ. 1957ರಲ್ಲಿ ಸ್ಪುಟ್ನಿಕ್ ಹಾರಿದಾಗ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ವಿಲಿಯಂ ಗೈಯರ್ ಮತ್ತು ಜಾರ್ಜ್ ವೈಫೆನ್‌ಬಾಕ್ ಅದರ ಸಂಕೇತದ ಕಂಪನದಲ್ಲಾಗುವ ಏರಿಳಿತ ಅಳೆದು ಕಕ್ಷೆಯನ್ನು ಕಂಡುಹಿಡಿದರು. ಕಕ್ಷೆ ಗೊತ್ತಿದ್ದರೆ ನೆಲದ ಮೇಲೆ ನಿಂತವನ ಜಾಗ ತಿಳಿಯಬಹುದೆಂಬ ತಿರುಗುಮುರುಗು ಲೆಕ್ಕದಿಂದ ಟ್ರಾನ್ಸಿಟ್ ವ್ಯವಸ್ಥೆ ಬಂತು. 1973ರಲ್ಲಿ ಶುರುವಾದ ಜಿಪಿಎಸ್ ಬೇರೆ ಹಾದಿ ಹಿಡಿಯಿತು. 1978ರಿಂದ ಮೇಲೇರಿದ ಅದರ ಉಪಗ್ರಹಗಳು ಪರಮಾಣು ಗಡಿಯಾರ ಹೊತ್ತು, ತಾವೆಲ್ಲಿದ್ದೇವೆ, ಈಗ ಗಂಟೆ ಎಷ್ಟು ಎಂದು ಸಾರುತ್ತಲೇ ಇರುತ್ತವೆ. ಸಂಕೇತ ಹೊರಟ ಹೊತ್ತಿಗೂ ಮುಟ್ಟಿದ ಹೊತ್ತಿಗೂ ಇರುವ ಅಂತರವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ. ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ ಆ ದೂರ 300 ಮೀಟರ್ ತಪ್ಪುತ್ತದೆ. ನಾಲ್ಕು ಉಪಗ್ರಹ ಬೇಕಾಗುವುದೂ ಇದಕ್ಕೇ: ಮೂರು ಆಯಾಮದ ಜಾಗಕ್ಕೆ ಮೂರು, ಕೈಯಲ್ಲಿರುವ ಉಪಕರಣದ ಅಗ್ಗದ ಗಡಿಯಾರವನ್ನು ತಿದ್ದಲು ಇನ್ನೊಂದು. ಇದಕ್ಕೆ ಭಾರತದ ಅನುಭವವೇ ಒಳ್ಳೆಯ ಸಾಕ್ಷಿ. ನಮ್ಮ ನ್ಯಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎ 2013ರ ಜುಲೈ 1ರಂದು ಹಾರಿತು. ಕೆಲ ವರ್ಷಗಳಲ್ಲಿ ಅದರ ಮೂರೂ ರುಬಿಡಿಯಂ ಗಡಿಯಾರಗಳು ಕೈಕೊಟ್ಟವು. ಉಪಗ್ರಹ ಕಕ್ಷೆಯಲ್ಲೇ ಇತ್ತು, ಸಂದೇಶವನ್ನೂ ಕಳಿಸಬಲ್ಲದಾಗಿತ್ತು. ಸ್ಥಳ ಗುರುತಿಸುವ ಕೆಲಸಕ್ಕೆ ಮಾತ್ರ ನಿರುಪಯೋಗಿಯಾಯಿತು. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ ಇಸ್ರೋದ ನ್ಯಾವಿಗೇಶನ್ ಕೇಂದ್ರದ ದೊಡ್ಡ ಹೊಣೆಗಳಲ್ಲಿ ಒಂದು, ಇಡೀ ವ್ಯವಸ್ಥೆಗೆ ಸಮಯ ಕಾಯುವುದೇ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. 1990ರ ದಶಕದುದ್ದಕ್ಕೂ ಅಮೆರಿಕ ಸರ್ಕಾರ ನಾಗರಿಕರ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿತ್ತು. ಜಾಗ ನೂರು ಮೀಟರಿನಷ್ಟು ಆಚೀಚೆ ಆಗುತ್ತಿತ್ತು. ಅಧ್ಯಕ್ಷ ಕ್ಲಿಂಟನ್ 2000ದ ಮೇ ತಿಂಗಳ ಆರಂಭದಲ್ಲಿ ಅದನ್ನು ನಿಲ್ಲಿಸಿದ ಮೇಲೆಯೇ ತಾನೇ ಲಾಗರ್‌ಗಳು ಜನರ ಕೈಗೆ ಬಂದದ್ದು, ಹಾಗಾದರೆ ನಿರ್ಣಾಯಕವಾದದ್ದು ನಿಖರತೆಯಲ್ಲವೇ? ಅರ್ಧ ನಿಜ. ಬೀದಿಯ ಎಡಬಲ ತಿಳಿಯಬೇಕಾದ ನಕ್ಷೆಯ ಕೆಲಸಕ್ಕೆ ಆ ತೀರ್ಮಾನ ಇಲ್ಲದೆ ಆಗುತ್ತಿರಲಿಲ್ಲ. (ಬೆರೆಸುತ್ತಿದ್ದ ತಪ್ಪೂ ಉಪಗ್ರಹದ ಗಡಿಯಾರದ ಸಂಕೇತವನ್ನೇ ಅಲುಗಿಸಿ ಮಾಡಿದ್ದು ಎಂಬುದನ್ನು ಮರೆಯಬಾರದು.) ಆದರೆ ಲಾಗರ್ ಅದಕ್ಕೂ ಮೊದಲೇ ಬಳಕೆಯಲ್ಲಿತ್ತು. ಎಂಜಿನ್ನಿಲ್ಲದ ಗ್ಲೈಡರ್ ವಿಮಾನಗಳ ಸ್ಪರ್ಧೆಯಲ್ಲಿ ಪೈಲಟ್ ಗೊತ್ತುಮಾಡಿದ ತಿರುವುಗಳನ್ನು ಮುಟ್ಟಿದನೆಂಬುದಕ್ಕೆ ಮೊದಲು ಅವನೇ ಮೇಲಿಂದ ತೆಗೆದ ಫೋಟೋ ಮತ್ತು ಎತ್ತರ ಗೀಚುವ ಡ್ರಮ್ಮಿನ ಹಾಳೆ ಆಧಾರ. 1990ರ ದಶಕದ ಮಧ್ಯದಲ್ಲಿ ಅಂತರರಾಷ್ಟ್ರೀಯ ಗ್ಲೈಡಿಂಗ್ ಆಯೋಗ ಅದರ ಬದಲಿಗೆ ಜಿಪಿಎಸ್ ರೆಕಾರ್ಡರ್‌ಗಳಿಗೆ ಒಪ್ಪಿಗೆ ಕೊಟ್ಟಿತು. ಸರಿಸುಮಾರು ಅದೇ ಕಾಲಕ್ಕೆ ಕಾಡುಪ್ರಾಣಿಗಳ ಕೊರಳಿಗೆ ಜಿಪಿಎಸ್ ಪಟ್ಟಿಗಳೂ ಬಂದವು. ಕಿಲೋಮೀಟರುಗಟ್ಟಲೆ ಸಾಗುವ ಪ್ರಾಣಿಯ ವಿಷಯದಲ್ಲಿ ನೂರು ಮೀಟರ್ ಅಷ್ಟೇನೂ ಕಾಡದು. ಅದು ಹಗಲು ಎಲ್ಲಿತ್ತು, ರಾತ್ರಿ ಎಲ್ಲಿತ್ತು ಎಂಬುದು ಮುಖ್ಯ. ಇನ್ನೊಂದು ಕಡೆ, ಬೇಕೆಂದೇ ಬೆರೆಸಿದ ತಪ್ಪು ಹೋದ ಮಾರನೆಯ ದಿನವೇ ಅಗ್ಗದ ಲಾಗರ್‌ಗಳೇನೂ ಬರಲಿಲ್ಲ. ಅವಕ್ಕೆ ನಾಲ್ಕೈದು ವರ್ಷ ಕಾಯಬೇಕಾಯಿತು, ಅದಕ್ಕೆ ಕಾರಣ ಚಿಪ್ಪು ಮತ್ತು ಮೆಮೊರಿ.

2004ರ ಸುಮಾರಿಗೆ ಬಂದ ಸರ್ಫ್ ಸ್ಟಾರ್ 3 ಚಿಪ್ಪು ಮರದಡಿಯಲ್ಲೂ ಜೇಬಿನೊಳಗೂ ಕ್ಷೀಣ ಸಂಕೇತ ಹಿಡಿಯಬಲ್ಲದಾಗಿತ್ತು. ಅದರ ಹಿಂದೆಯೇ ಮೀಡಿಯಾಟೆಕ್‌ನ ಇನ್ನೂ ಕಡಿಮೆ ವಿದ್ಯುತ್ತಿನ ಚಿಪ್ಪುಗಳು ಬಂದವು. ಫ್ಲ್ಯಾಶ್ ಮೆಮೊರಿ ಅಗ್ಗವಾಯಿತು. 1989ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಕೈಹಿಡಿ ಜಿಪಿಎಸ್, ಮೆಜೆಲನ್ ನ್ಯಾವ್ 1000, ಸುಮಾರು 3000 ಡಾಲರ್ ಬೆಲೆಯದ್ದಾಗಿತ್ತು. ಹದಿನೈದು ಇಪ್ಪತ್ತು ವರ್ಷದಲ್ಲಿ ತೈವಾನಿನ ಕಂಪನಿಗಳು ಬೆಂಕಿಪೊಟ್ಟಣದ ಗಾತ್ರದ ಲಾಗರ್‌ಗಳನ್ನು ಸಾಮಾನ್ಯರ ಕೈಗೆಟುಕುವ ದರಕ್ಕೆ ಇಳಿಸಿದ್ದವು. ಕ್ಯೂಸ್ಟಾರ್ಜ್, ಐ-ಬ್ಲೂ, ವಿನ್‌ಟೆಕ್ ಆಗ ಬಳಕೆದಾರರ ಬಾಯಲ್ಲಿದ್ದ ಹೆಸರುಗಳು. ಹೋಲಕ್ಸ್ ಎಂ-241 ಒಂದೇ ಪೆನ್ಸಿಲ್ ಸೆಲ್ಲಿನಲ್ಲಿ ಓಡುತ್ತಿತ್ತು, 1,30,000 ಬಿಂದು ಹಿಡಿಸುತ್ತಿತ್ತು: ಸೆಕೆಂಡಿಗೊಂದರಂತೆ ಬರೆದರೆ ಮೂವತ್ತಾರು ಗಂಟೆ, ಐದು ಸೆಕೆಂಡಿಗೊಂದರಂತೆ ಒಂದು ವಾರಕ್ಕೂ ಮಿಕ್ಕಿ. ಸೋನಿ 2006ರಲ್ಲಿ ತಂದ ಜಿಪಿಎಸ್-ಸಿಎಸ್1 ಹದಿನೈದು ಸೆಕೆಂಡಿಗೊಮ್ಮೆ ಮಾತ್ರ ಬರೆಯುತ್ತಿತ್ತು, ಅದರ ಉದ್ದೇಶವೇ ಬೇರೆ. ಕ್ಯಾಮೆರಾ ಎಲ್ಲಿತ್ತೆಂಬುದು ಕ್ಯಾಮೆರಾಕ್ಕೆ ಗೊತ್ತಿಲ್ಲ, ಫೋಟೋ ಯಾವಾಗ ತೆಗೆದದ್ದೆಂಬುದು ಲಾಗರ್‌ಗೆ ಗೊತ್ತಿಲ್ಲ. ಎರಡರ ಗಡಿಯಾರ ಹೊಂದಿದ್ದರೆ ಸಾಕು, ತಂತ್ರಾಂಶ ಪ್ರತಿ ಚಿತ್ರಕ್ಕೂ ಅದರ ಜಾಗ ಕಟ್ಟಿಕೊಡುತ್ತದೆ. ಕ್ಯಾಮೆರಾದ ಗಡಿಯಾರ ಒಂದು ನಿಮಿಷ ಹಿಂದಿದ್ದರೆ ನಡೆಯುವವನ ಚಿತ್ರ ಎಂಬತ್ತು ಮೀಟರ್ ಆಚೆ ಹೋಗಿ ಕೂರುತ್ತದೆ, ಅರವತ್ತರ ವೇಗದ ಕಾರಿನಲ್ಲಿ ಕೂತವನದ್ದು ಒಂದು ಕಿಲೋಮೀಟರ್. ಲಾಗರ್ ಬರೆಯುವುದು ಸಾರ್ವತ್ರಿಕ ಸಮಯವನ್ನು; ಐದೂವರೆ ಗಂಟೆ ಕೂಡಿಸಲು ಮರೆತರೆ ಭಾರತದಲ್ಲಿ ಬೆಳಗಿನ ಚಿತ್ರ ಮಧ್ಯಾಹ್ನದ ಊರಿಗೆ ಅಂಟುತ್ತದೆ. ಅದಕ್ಕೇ ಬಲ್ಲವರು ಹೊರಡುವ ಮುನ್ನ ಜಿಪಿಎಸ್ ಪರದೆಯ ಮೇಲಿನ ಗಂಟೆಯದ್ದೇ ಒಂದು ಫೋಟೋ ತೆಗೆದಿಟ್ಟುಕೊಳ್ಳುತ್ತಿದ್ದರು.

ಈ ಫೈಲುಗಳ ಸಾಮಾನ್ಯ ರೂಪ ಜಿಪಿಎಕ್ಸ್. 2002ರಲ್ಲಿ ಹುಟ್ಟಿ 2004ರಲ್ಲಿ ಈಗಿನ ಆವೃತ್ತಿಗೆ ಬಂದ ಈ ಮಾದರಿಯಲ್ಲಿ ಅಕ್ಷಾಂಶ, ರೇಖಾಂಶ ಕಡ್ಡಾಯ. ಎತ್ತರ, ಸಮಯ ಐಚ್ಛಿಕ. ಸಮಯವೇ ಮುಖ್ಯ ಎಂಬ ವಾದವನ್ನು ಇದು ಉರುಳಿಸುವಂತೆ ಕಾಣುತ್ತದೆ. ಆದರೆ ಈ ಫೈಲುಗಳನ್ನು ಅತಿ ದೊಡ್ಡ ಪ್ರಮಾಣದಲ್ಲಿ ಕೂಡಿಹಾಕಿದ ಓಪನ್‌ಸ್ಟ್ರೀಟ್‌ಮ್ಯಾಪ್ ಏನು ಮಾಡಿತು ನೋಡಿ. ಸ್ಟೀವ್ ಕೋಸ್ಟ್ 2004ರಲ್ಲಿ ಬ್ರಿಟನ್ನಿನಲ್ಲಿ ಇದನ್ನು ಆರಂಭಿಸಿದಾಗ ಅಲ್ಲಿನ ಸರ್ಕಾರಿ ನಕ್ಷೆಗಳು ದುಬಾರಿ ಪರವಾನಗಿಯ ಬೇಲಿಯೊಳಗಿದ್ದವು. ಅವನ್ನು ನಕಲು ಮಾಡುವಂತಿಲ್ಲ. ಉಳಿದದ್ದು ತಾವೇ ಬೀದಿ ಬೀದಿ ಸುತ್ತುವುದು. 2006ರ ಮೇ ತಿಂಗಳಲ್ಲಿ ಹತ್ತಾರು ಜನ ವಾರಾಂತ್ಯಕ್ಕೆ ಐಲ್ ಆಫ್ ವೈಟ್ ದ್ವೀಪಕ್ಕೆ ಹೋಗಿ, ಕಾಲ್ನಡಿಗೆಯಲ್ಲಿ, ಸೈಕಲಿನಲ್ಲಿ, ಕಾರಿನಲ್ಲಿ ರಸ್ತೆಗಳನ್ನು ದಾಖಲಿಸಿ ತಂದರು. ಆ ಯೋಜನೆಯ ತಾಣ ಸಮಯದ ಮುದ್ರೆ ಇಲ್ಲದ ಟ್ರ್ಯಾಕ್‌ಗಳನ್ನು ಸ್ವೀಕರಿಸುವುದಿಲ್ಲ. ಸಮಯವಿಲ್ಲದ ಗೆರೆ ಯಾರೋ ಕುರ್ಚಿಯಲ್ಲಿ ಕೂತು ಬೇರೆ ನಕ್ಷೆಯ ಮೇಲೆ ಎಳೆದದ್ದೂ ಆಗಿರಬಹುದಲ್ಲ! ಸೆಕೆಂಡುಗಳು ಏರುತ್ತ ಹೋಗುವ ಗೆರೆ ಮಾತ್ರ ಒಬ್ಬ ಮನುಷ್ಯ ಅಲ್ಲಿ ಹಾದುಹೋದದ್ದಕ್ಕೆ ಗುರುತು.

ಉಪಗ್ರಹ ಚಿತ್ರಗಳು ಬಂದ ಮೇಲೆ ಈ ಸುತ್ತಾಟ ವ್ಯರ್ಥವಾಯಿತೆಂದು ವಾದಿಸುವವರಿದ್ದಾರೆ. 2006ರ ಕೊನೆಗೆ ಯಾಹೂ, 2010ರಲ್ಲಿ ಬಿಂಗ್ ತಮ್ಮ ಚಿತ್ರಗಳ ಮೇಲೆ ನಕ್ಷೆ ಎಳೆಯಲು ಅನುಮತಿ ಕೊಟ್ಟವು. ರಸ್ತೆಯ ಆಕಾರಕ್ಕೆ ಅಂದಿನಿಂದ ಚಿತ್ರವೇ ಮೊದಲ ಆಧಾರ ಎಂದು ಒಪ್ಪಲೇಬೇಕು. ಆದರೆ ಚಿತ್ರ ತಾನೇ ಐದು ಹತ್ತು ಮೀಟರ್ ಸರಿದು ಕೂತಿರುವುದುಂಟು, ಅದನ್ನು ಸರಿಪಡಿಸಲು ಹಲವರ ಟ್ರ್ಯಾಕ್‌ಗಳ ನಡುಗೆರೆಯನ್ನೇ ನೆಚ್ಚಬೇಕು. ಪಶ್ಚಿಮ ಘಟ್ಟದ ದಟ್ಟ ಕಾಡಿನ ಕಾಲುದಾರಿ ಮೇಲಿನಿಂದ ಕಾಣುವುದೇ ಇಲ್ಲ. ಏಕಮುಖ ಸಂಚಾರ, ನಿಜವಾದ ವೇಗ, ಸಿಗ್ನಲಿನಲ್ಲಿ ಕಾದ ಹೊತ್ತು, ಇವು ಯಾವ ಚಿತ್ರದಲ್ಲೂ ಇಲ್ಲ.

ಸಾಕ್ಷಿಯಾಗಿ ಲಾಗರ್ ಎಷ್ಟು ಗಟ್ಟಿ ಎಂಬ ಪ್ರಶ್ನೆಯೂ ಇದೆ. ಒಂದೇ ಕಡೆ ಅಲುಗದೆ ಇಟ್ಟರೂ ಅದು ಸುತ್ತಲಿನ ಹತ್ತಿಪ್ಪತ್ತು ಮೀಟರಿನಲ್ಲಿ ಮಗುವಿನ ಗೀಚಾಟದಂಥ ಗೆರೆಗಳನ್ನು ಬರೆಯುತ್ತದೆ. ಎತ್ತರದ ಕಟ್ಟಡಗಳ ನಡುವೆ ಗೋಡೆಗೆ ತಾಗಿ ಬಂದ ಸಂಕೇತ ಅದನ್ನು ಪಕ್ಕದ ಬೀದಿಗೆ ಒಯ್ಯುತ್ತದೆ. ಜಿಪಿಎಕ್ಸ್ ಬರೀ ಪಠ್ಯ, ಯಾರು ಬೇಕಾದರೂ ತಿದ್ದಬಹುದು. ಗ್ಲೈಡಿಂಗ್ ಆಯೋಗ ಈ ಕಾರಣಕ್ಕೇ ಫೈಲಿನ ಕೊನೆಗೆ ಒಂದು ಡಿಜಿಟಲ್ ಸಹಿ ಇರಬೇಕೆಂದು ವಿಧಿಸಿತು. ಒಂದು ಅಂಕಿ ಬದಲಾದರೂ ಸಹಿ ಹೊಂದುವುದಿಲ್ಲ. ಸಹಿ ಇಲ್ಲದ ಫೈಲು ತನ್ನಷ್ಟಕ್ಕೆ ಪುರಾವೆಯಲ್ಲ, ಉಳಿದ ಸಾಕ್ಷ್ಯದ ಜೊತೆ ತೂಗಿ ನೋಡಬೇಕಾದ ಹೇಳಿಕೆ. ಕಾಡಿನ ಗಸ್ತಿನಲ್ಲಿ ಇದು ಸ್ಪಷ್ಟವಾಗುತ್ತದೆ. 2010ರಲ್ಲಿ ಜಾರಿಗೆ ಬಂದ ಎಂ-ಸ್ಟ್ರೈಪ್ಸ್ ವ್ಯವಸ್ಥೆಯಲ್ಲಿ ಬಂಡೀಪುರ, ನಾಗರಹೊಳೆಯಂಥ ಹುಲಿ ಮೀಸಲು ಪ್ರದೇಶಗಳ ಸಿಬ್ಬಂದಿ ಬೀಟ್ ನಡೆಯುವಾಗ ದಾರಿ ದಾಖಲಾಗುತ್ತದೆ, ಹೆಜ್ಜೆಗುರುತು, ಲದ್ದಿ, ಉರುಳು ಕಂಡಲ್ಲಿ ಗುರುತು ಬೀಳುತ್ತದೆ. ಮೇಲಧಿಕಾರಿಗೆ ಅದು ಗಸ್ತು ನಡೆದದ್ದರ ಲೆಕ್ಕ. ವಿಜ್ಞಾನಿಗೆ, ಎಷ್ಟು ಹೊತ್ತು ಹುಡುಕಿದ್ದಕ್ಕೆ ಎಷ್ಟು ಸಿಕ್ಕಿತು ಎಂಬ ಅಳತೆ. ಎರಡನೆಯದು ಸಮಯವಿಲ್ಲದೆ ಸಾಧ್ಯವೇ ಇಲ್ಲ.

ಅದೇ ಅಂಕಣ ಅಪಾಯದ್ದೂ ಹೌದು. ಅಮೆರಿಕದ ಪೊಲೀಸರು ಒಬ್ಬ ಶಂಕಿತನ ಜೀಪಿಗೆ ಟ್ರ್ಯಾಕರ್ ಅಂಟಿಸಿ 28 ದಿನ ಹಿಂಬಾಲಿಸಿದ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 2012ರ ಜನವರಿಯಲ್ಲಿ ಅದನ್ನು ಶೋಧವೆಂದೇ ಸರ್ವಾನುಮತದಿಂದ ತೀರ್ಮಾನಿಸಿತು. ಬಹುಮತದ ತೀರ್ಪು ಖಾಸಗಿ ಸ್ವತ್ತಿಗೆ ಉಪಕರಣ ಅಂಟಿಸಿದ್ದನ್ನು ಆಧರಿಸಿತ್ತು; ಪ್ರತ್ಯೇಕ ಅಭಿಪ್ರಾಯ ಬರೆದ ನ್ಯಾಯಮೂರ್ತಿಗಳು ಮಾತ್ರ ಅಷ್ಟು ದೀರ್ಘ ಕಾಲದ ದಾಖಲೆಯೇ ಒಬ್ಬನ ಬದುಕನ್ನು ಬಯಲಿಗಿಡುತ್ತದೆಂದು ಗುರುತಿಸಿದರು. ಇದಕ್ಕೆ ಅಡ್ಡ ಬರುವ ಉದಾಹರಣೆ ಸ್ಟ್ರಾವಾ ಆ್ಯಪ್‌ನದ್ದು. 2017ರ ನವೆಂಬರಿನಲ್ಲಿ ಅದು ಬಳಕೆದಾರರ ಓಟ, ಸೈಕಲ್ ಸವಾರಿಗಳನ್ನೆಲ್ಲ ಸೇರಿಸಿ ಹೆಸರು, ಸಮಯ ತೆಗೆದು ಪ್ರಕಟಿಸಿದ ನಕ್ಷೆಯಲ್ಲಿ, ಎರಡೇ ತಿಂಗಳಲ್ಲಿ, ಮರುಭೂಮಿಯ ನಡುವಿನ ಸೇನಾ ನೆಲೆಗಳು ಹೊಳೆಯುತ್ತಿರುವುದು ಬೆಳಕಿಗೆ ಬಂತು. ಜನವಿರಳ ಜಾಗದಲ್ಲಿ ಬರೀ ಗೆರೆಯೂ ಗುಟ್ಟು ಬಿಟ್ಟುಕೊಡುತ್ತದೆ, ಒಪ್ಪತಕ್ಕದ್ದೇ. ಆದರೂ ಆ ನಕ್ಷೆ ಹೇಳಿದ್ದು ಇಲ್ಲಿ ಯಾರೋ ಓಡಾಡುತ್ತಾರೆ ಎಂಬಷ್ಟನ್ನು. ಯಾರು, ಯಾವ ಹೊತ್ತಿಗೆ ಎಂಬುದು ತೆಗೆದುಹಾಕಿದ ಅಂಕಣಗಳಲ್ಲಿತ್ತು. ಓಪನ್‌ಸ್ಟ್ರೀಟ್‌ಮ್ಯಾಪ್ ಕೂಡ ಟ್ರ್ಯಾಕ್ ಏರಿಸುವವರಿಗೆ ಆಯ್ಕೆ ಕೊಡುತ್ತದೆ. ಗುಟ್ಟಾಗಿರಲಿ ಎಂದವರ ಬಿಂದುಗಳನ್ನು ಅದು ಕ್ರಮ ಕಲಸಿ, ಸಮಯ ಅಳಿಸಿ ಹಂಚುತ್ತದೆ, ಜಾಗವನ್ನು ಹಾಗೆಯೇ ಬಿಡುತ್ತದೆ.

2008ರಿಂದೀಚೆಗೆ ಜಿಪಿಎಸ್ ಇರುವ ಸ್ಮಾರ್ಟ್‌ಫೋನ್‌ಗಳು ಹರಡುತ್ತಿದ್ದಂತೆ ಬಿಡಿ ಲಾಗರ್‌ಗಳ ಮಾರಾಟ ಬತ್ತಿತು. ಕೆಲಸ ಉಳಿಯಿತು, ಪೆಟ್ಟಿಗೆ ಹೋಯಿತು. ಬದಲಾದದ್ದು ಫೈಲು ಇರುವ ಜಾಗ: ಲಾಗರ್‌ನಲ್ಲಿ ಅದು ನಡೆದವನ ಕೈಯಲ್ಲಿತ್ತು, ಫೋನಿನ ಎಷ್ಟೋ ಆ್ಯಪ್‌ಗಳಲ್ಲಿ ಅದು ಮೊದಲು ಕಂಪನಿಯ ಸರ್ವರಿಗೆ ಹೋಗಿ ಆಮೇಲೆ ನಡೆದವನಿಗೆ ಕಾಣುತ್ತದೆ. ಹಳೆಯ ಲಾಗರ್‌ಗಳನ್ನು ಬಿಡದೆ ಬಳಸುತ್ತ ಬಂದವರಿಗೆ ಇನ್ನೊಂದು ವಿಚಿತ್ರ ತೊಂದರೆ ಕಾದಿತ್ತು. ಜಿಪಿಎಸ್‌ನ ಮೂಲ ಸಂಕೇತ ವಾರಗಳನ್ನು 0ಯಿಂದ 1023ರವರೆಗೆ ಮಾತ್ರ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 1999ರ ಆಗಸ್ಟಿನಲ್ಲಿ ಮತ್ತು 2019ರ ಏಪ್ರಿಲ್‌ನಲ್ಲಿ ಹೀಗಾಯಿತು. ಫರ್ಮ್‌ವೇರ್ ಇದನ್ನು ನಿಭಾಯಿಸದ ಲಾಗರ್‌ಗಳು ಜಾಗವನ್ನು ಎಂದಿನಂತೆ ಸರಿಯಾಗಿ ಬರೆಯುತ್ತ, ದಿನಾಂಕವನ್ನು ಮಾತ್ರ ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ಹಾಕತೊಡಗಿದವು. ಫೋಟೋಗಳು ಹೊಂದಲಿಲ್ಲ, ತಂತ್ರಾಂಶಗಳು ಟ್ರ್ಯಾಕ್‌ಗಳನ್ನು ಬೇರಾವುದೋ ವರ್ಷಕ್ಕೆ ಜೋಡಿಸಿದವು, ಎಷ್ಟೋ ಲಾಗರ್‌ಗಳು ಕೆಟ್ಟವೆಂದು ಮೂಲೆ ಸೇರಿದವು. ಜಿಪಿಎಸ್‌ಬೇಬಲ್‌ನಂಥ ಮುಕ್ತ ತಂತ್ರಾಂಶದಲ್ಲಿ ಪ್ರತಿ ಬಿಂದುವಿಗೂ 1024 ವಾರ ಕೂಡಿಸಿದರೆ ಅದೇ ಫೈಲು ಮತ್ತೆ ಸರಿಹೋಗುತ್ತದೆ. ಹೊಸ ಸಂಕೇತದಲ್ಲಿ ವಾರದ ಎಣಿಕೆಗೆ ಹದಿಮೂರು ಬಿಟ್‌ಗಳಿವೆ, ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಸಾಕು. ಹಳೆಯ ಸಂಕೇತವನ್ನೇ ನಂಬಿದ ಉಪಕರಣಗಳಿಗೆ ಮುಂದಿನ ಸರದಿ 2038ರ ನವೆಂಬರ್.